ಕೆರೆಯ ದೊಡ್ಡ ಕಾಟ್ಲಾ ಗಾಳಕ್ಕೆ ಯಾಕೆ ಬೀಳುತ್ತಿಲ್ಲ?

ನೀವು ಕೇಳಿದ್ದು ಇಷ್ಟು: ನಿಮ್ಮೂರ ಕೆರೆಯಲ್ಲಿ ಹತ್ತು ಕೆ.ಜಿ. ಮೀರಿದ ಕಾಟ್ಲಾ ಮೀನು ಇದೆ. ಬೆಳಿಗ್ಗೆ ಮೇಲೆ ಬಂದು ಹೊರಳುವುದನ್ನು ಕಣ್ಣಾರೆ ನೋಡಿದ್ದೀರಿ. ಎರೆಹುಳು, ರಾಗಿ ಮುದ್ದೆ ಎಲ್ಲ ಹಾಕಿದರೂ ಬರೀ ಜಿಲೇಬಿ ಮೀನು (ತಿಲಾಪಿಯಾ) ಸಿಗುತ್ತಿದೆ. ಇನ್ನೂ ತಾಳ್ಮೆ ಬೇಕಾ?

ನಿಮ್ಮ ತಾಳ್ಮೆಗೆ ಏನೂ ಕೊರತೆ ಇಲ್ಲ. ಆದರೆ ಕಾಟ್ಲಾ ಓಡಾಡುವುದು ಒಂದು ಕಡೆ, ನೀವು ಕಾಯುತ್ತಿರುವುದು ಇನ್ನೊಂದು ಕಡೆ. ನಾನು ಹಾಸನದ ಕಡೆಯವನು. ಗೊರೂರಿನ ಹೇಮಾವತಿ ಹಿನ್ನೀರಲ್ಲೂ ಸುತ್ತಮುತ್ತಲ ಕೆರೆಗಳಲ್ಲೂ ವರ್ಷಗಳಿಂದ ಗಾಳ ಹಾಕುತ್ತಿದ್ದೇನೆ. ಕಾಟ್ಲಾ ಅಂದರೆ ನನಗೆ ಪ್ರಾಣ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಮಾರ್ಕೆಟ್ಟಿಗೆ ಹೋಗಿ ಕಾಟ್ಲಾದ ಬಾಯಿ ಹತ್ತಿರದಿಂದ ನೋಡಿ. ಪಕ್ಕದಲ್ಲೇ ರೋಹು, ಮೃಗಾಲ್ ಇಟ್ಟಿರುತ್ತಾರೆ. ಕಾಟ್ಲಾದ ಕೆಳದವಡೆ ಮುಂದಕ್ಕೆ ಚಾಚಿರುತ್ತದೆ, ಬಾಯಿ ಮೇಲ್ಮುಖವಾಗಿ ತೆರೆಯುತ್ತದೆ. ಮೀಸೆ ಇಲ್ಲ. ಮೃಗಾಲ್ ಬಾಯಿ ಕೆಳಕ್ಕಿದೆ. ಕಾಮನ್ ಕಾರ್ಪ್ ಅನ್ನುತ್ತೇವಲ್ಲ, ಆ ಗೆಂಡೆಗೆ ಕೆಸರಲ್ಲಿ ತಡಕಾಡಲು ಎರಡು ಜೊತೆ ಮೀಸೆ ಇದೆ. ಇನ್ನು ಕಾಟ್ಲಾದ ಕಿವಿರು ಎತ್ತಿ ನೋಡಿ. ಒಳಗೆ ಜರಡಿಯಂಥ ನವಿರಾದ ಎಳೆಗಳು ಕಾಣುತ್ತವೆ. ನೀರು ಎಳೆದುಕೊಂಡು, ಅದರಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳನ್ನು ಸೋಸಿ ತಿನ್ನುವ ಮೀನು ಇದು. ಅದರ ಊಟ ಸಿಗುವುದು ನೀರಿನ ಮೇಲ್ಭಾಗದಲ್ಲಿ. ನೀವು ಎರೆಹುಳು ಕಟ್ಟಿ ತಳಕ್ಕೆ ಇಳಿಸಿದರೆ ಕಾಟ್ಲಾ ಅದರ ಮೇಲಿಂದ ಹಾದು ಹೋಗುತ್ತದೆ, ಅಷ್ಟೆ.

ಇನ್ನೊಂದು ವಿಷಯ. ಕಾಟ್ಲಾ, ರೋಹು, ಮೃಗಾಲ್ ಮೂರೂ ಉತ್ತರದ ಗಂಗೆಯ ಕಡೆಯ ಮೀನುಗಳು. ಮಳೆಗಾಲದಲ್ಲಿ ಹೊಳೆ ತುಂಬಿ ಹರಿಯುವಾಗ ಮೊಟ್ಟೆ ಇಡುತ್ತವೆ. ನಿಂತ ಕೆರೆ ನೀರಲ್ಲಿ ಮರಿ ಮಾಡುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧರಿ ಎಂಬ ವಿಜ್ಞಾನಿ ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಇಂಥ ಮೀನುಗಳಿಂದ ಮೊಟ್ಟೆ ಇಡಿಸಿದರು. ಊರೂರಿನ ಕೆರೆಗೆ ಮರಿ ಬಿಡುವುದು ಸುಲಭವಾಗಿದ್ದು ಆಮೇಲೆ. ನಿಮ್ಮ ಕೆರೆಯಲ್ಲಿ ಹೊರಳುತ್ತಿರುವ ಆ ದೊಡ್ಡದು ಕೂಡ ಯಾರೋ ಬೆರಳುದ್ದ ಇದ್ದಾಗ ಬಿಟ್ಟಿದ್ದೇ. ಮೇವು ಚೆನ್ನಾಗಿದ್ದರೆ ಮೊದಲ ವರ್ಷ ಒಂದು ಕೆ.ಜಿ. ಹತ್ತಿರ ಬರುತ್ತದೆ. ಹತ್ತು ಕೆ.ಜಿ. ಆಗಬೇಕಾದರೆ ಅದು ಎಷ್ಟೋ ಬೇಸಿಗೆ ಕಂಡಿರಬೇಕು, ಕೆರೆ ಒಮ್ಮೆಯೂ ಪೂರ್ತಿ ಒಣಗಿರಬಾರದು, ಬಲೆಗಳಿಂದ ತಪ್ಪಿಸಿಕೊಂಡಿರಬೇಕು. ಅಂಥ ಮೀನು ದಡದ ಮೇಲೆ ಯಾರಾದರೂ ಕಾಲು ಅಪ್ಪಳಿಸಿದರೂ ದೂರ ಸರಿಯುತ್ತದೆ. ಈ ಜಾತಿಯ ಮೀನುಗಳ ಕಿವಿ ಬಹಳ ಚುರುಕು. ಗಾಳಿಚೀಲದಿಂದ ಒಳಕಿವಿಗೆ ಸಣ್ಣ ಮೂಳೆಗಳ ಕೊಂಡಿ ಇದೆ, ಅದರಿಂದ ನೀರಿನ ಸದ್ದು ಚೆನ್ನಾಗಿ ಕೇಳುತ್ತದೆ. ಏರಿ ಮೇಲೆ ಮೊಬೈಲಲ್ಲಿ ಜೋರಾಗಿ ಹಾಡು ಹಾಕುವ ಗೆಳೆಯರನ್ನು ದಯವಿಟ್ಟು ಕರೆದುಕೊಂಡು ಹೋಗಬೇಡಿ.

ಈಗ ನೋಡುವ ಕೆಲಸ. ಮೊದಲ ಕೆಲವು ದಿನ ಗಾಳ ಮನೆಯಲ್ಲೇ ಇರಲಿ. ಬೆಳಕು ಹರಿಯುವ ಮೊದಲು ಹೋಗಿ ಏರಿ ಮೇಲೆ ಕೂತು ಸುಮ್ನೆ ನೋಡಿ. ಎಲ್ಲಿ ಹೊರಳುತ್ತದೆ, ಎಷ್ಟು ಹೊತ್ತಿಗೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ. ಗಾಳಿ ಮೇಲ್ನೀರನ್ನು ತಳ್ಳಿಕೊಂಡು ಹೋಗುತ್ತದೆ, ಅದರ ಜೊತೆ ತೇಲುವ ಮೇವೂ ಹೋಗುತ್ತದೆ. ಹಾಗಾಗಿ ಗಾಳಿ ಬಡಿಯುವ ದಡದ ಕಡೆ ಕಾಟ್ಲಾ ಬರುವುದು ಜಾಸ್ತಿ. ಬೇಸಿಗೆಯಲ್ಲಿ ತೂಬಿನ ಹತ್ತಿರದ ಆಳ ಬಿಟ್ಟು ದೂರ ಹೋಗುವುದಿಲ್ಲ. ಹೊಸ ಮಳೆ ನೀರು ಬಂದ ಮೇಲೆ ಹಳ್ಳ ಸೇರುವ ಕಡೆ ಹುಡುಕಿ.

ಹೊರಳುವುದಕ್ಕೂ ಬಾಯಿ ಬಿಡುವುದಕ್ಕೂ ವ್ಯತ್ಯಾಸ ಗೊತ್ತಿರಬೇಕು. ಹೊರಳುವ ಮೀನು ಬೆನ್ನು ತೋರಿಸಿ ಗುಳುಂ ಅಂತ ಇಳಿದು ಹೋಗುತ್ತದೆ. ಮೋಡ ಕವಿದ ದಿನಗಳ ಬೆಳಗಿನ ಜಾವ ಮೀನುಗಳೆಲ್ಲ ಮೇಲೆ ನಿಂತು ಬಾಯಿ ತೆರೆದು ಮುಚ್ಚುತ್ತಿದ್ದರೆ ನೀರಲ್ಲಿ ಆಮ್ಲಜನಕ ಸಾಲದೆ ಒದ್ದಾಡುತ್ತಿವೆ ಅಂತ ಅರ್ಥ. ಆಗ ಅವು ತಿನ್ನುವುದೂ ಇಲ್ಲ, ಅವನ್ನು ಹಿಡಿಯಲು ಹೋಗುವುದೂ ಸರಿಯಲ್ಲ. ಗೆರೆ ಎಳೆದ ಹಾಗೆ ಸಣ್ಣ ಗುಳ್ಳೆಗಳು ಸಾಲಾಗಿ ಬರುತ್ತಿದ್ದರೆ ಅದು ಬಹುಶಃ ತಳ ಕೆದಕುವ ಗೆಂಡೆ ಅಥವಾ ಮೃಗಾಲ್.

ಜಾಗ ಗೊತ್ತಾದ ಮೇಲೆ ಮೇವು. ಕಡಲೆಕಾಯಿ ಹಿಂಡಿಯನ್ನು ಘಮ್ ಅನ್ನುವವರೆಗೆ ಹುರಿದು ಪುಡಿ ಮಾಡಿ. ಅದಕ್ಕೆ ಜರಡಿ ಹಿಡಿದ ಅಕ್ಕಿ ತೌಡು, ಹುರಿಗಡಲೆ ಹಿಟ್ಟು, ಸ್ವಲ್ಪ ಸೋಂಪಿನ ಪುಡಿ, ಅಂಟಿಗೆ ಒಂದಿಷ್ಟು ಬ್ರೆಡ್ ಪುಡಿ ಸೇರಿಸಿ. ನೀರು ಚಿಮುಕಿಸಿಯೇ ಕಲಸಬೇಕು, ಸುರಿಯಬಾರದು. ಆಮೇಲೆ ಒಂದು ಉಂಡೆ ಮಾಡಿ ಬಕೆಟ್ ನೀರಿಗೆ ಹಾಕಿ ನೋಡಿ. ಮುಟ್ಟಿದ ಕೂಡಲೇ ಚದುರಿದರೆ ಎಸೆಯುವಾಗಲೇ ಉದುರಿ ಹೋಗುತ್ತದೆ. ಐದು ನಿಮಿಷವಾದರೂ ಗಟ್ಟಿಯಾಗಿ ಕೂತಿದ್ದರೆ ಇನ್ನಷ್ಟು ತೌಡು ಬೇಕು. ಅಂಚಿನಿಂದ ಒಂದೊಂದೇ ಚೂರು ಬಿಡುತ್ತಾ, ಸುತ್ತ ನೀರು ಮಬ್ಬಾಗುತ್ತಾ ಹೋಗಬೇಕು. ಆ ಮಬ್ಬನ್ನೇ ಕಾಟ್ಲಾ ಹೀರುವುದು. ನಿಮ್ಮ ರಾಗಿ ಮುದ್ದೆ ಸೋತಿದ್ದೂ ಇಲ್ಲೇ. ಅದು ಕರಗುವುದಿಲ್ಲ, ಜಿಲೇಬಿಗಳು ಕಚ್ಚಿ ಕಚ್ಚಿ ಮುಗಿಸುತ್ತವೆ.

ಈ ಮಿಶ್ರಣದ ನಾಲ್ಕೈದು ಉಂಡೆ ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ, ದಿನಾ ಎಸೆಯಿರಿ. ಗಾಳ ಬೇಡ. ನನ್ನ ಪ್ರಕಾರ ತಾಳ್ಮೆ ಖರ್ಚು ಮಾಡಬೇಕಾದ್ದು ಇಲ್ಲಿ. ಜಾಸ್ತಿ ಹಾಕಿದರೆ ಹೊಟ್ಟೆ ತುಂಬಿ ಹೋಗುತ್ತದೆ, ಉಳಿದದ್ದು ಕೊಳೆತು ನೀರು ಕೆಡುತ್ತದೆ. ನಮ್ಮ ಕಡೆಯ ಒಂದು ಕೆರೆಯಲ್ಲಿ ಬಾಲದ ಮೇಲಿನ ತುದಿ ಹರಿದ ಕಾಟ್ಲಾ ಒಂದಿತ್ತು. ಹೊರಳಿದಾಗಲೆಲ್ಲ ಆ ಬಾಲ ಕಾಣುತ್ತಿತ್ತು. ಒಂದು ಬೇಸಿಗೆ ಪೂರ್ತಿ ಸಂಜೆ ಹೊತ್ತು ತೂಬಿನ ಬಲಗಡೆ ಮೇವು ಹಾಕಿದೆ. ಮೊದಲು ಸಾಸಲು ಮೀನುಗಳು ಬಂದವು. ಆಮೇಲೆ ಸಣ್ಣ ಕಾಟ್ಲಾಗಳು. ದೊಡ್ಡದು ಆಚೆ ದೂರದಲ್ಲೇ ಹೊರಳುತ್ತಿತ್ತು. ದಿನ ಕಳೆದಂತೆ ಹತ್ತಿರ ಬಂತು, ಒಂದು ಸಂಜೆ ಸಣ್ಣವೆಲ್ಲ ಥಟ್ಟನೆ ಜಾಗ ಖಾಲಿ ಮಾಡಿದವು, ಬಾಲ ಹರಿದದ್ದು ಮೇವಿನ ಮೇಲೇ ಎದ್ದಿತು. ಅವತ್ತೂ ನಾನು ಗಾಳ ಬಿಚ್ಚಲಿಲ್ಲ. ಅದು ದಿನಾ ಬರುತ್ತದೆ ಅಂತ ಖಾತ್ರಿಯಾದ ಮೇಲೇ ಬಿಚ್ಚಿದ್ದು. ಮಳೆ ಶುರುವಾಗುವ ಮೊದಲು ಸಿಕ್ಕಿತು, 14 ಕೆ.ಜಿ. ಇತ್ತು.

ದೊಡ್ಡ ಗೆಂಡೆ ಗಾಳಕ್ಕೆ ಬೀಳುವ ಮೀನೇ ಅಲ್ಲ ಅನ್ನುವ ಮಾತು ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲೂ ಇತ್ತು. 1952ರ ಸೆಪ್ಟೆಂಬರಿನಲ್ಲಿ ರಿಚರ್ಡ್ ವಾಕರ್ ಎಂಬವರು ರೆಡ್‌ಮೈರ್ ಅನ್ನುವ ಪುಟ್ಟ ಕೊಳದಲ್ಲಿ 44 ಪೌಂಡಿನ, ಅಂದರೆ ಸುಮಾರು 20 ಕೆ.ಜಿ.ಯ ಗೆಂಡೆ ಹಿಡಿದರು. ಆ ದಾಖಲೆ 1980ರವರೆಗೆ ಉಳಿಯಿತು. ಮೀನನ್ನು ಜೀವಂತವಾಗಿ ಲಂಡನ್ ಮೃಗಾಲಯಕ್ಕೆ ಕೊಟ್ಟರು. ವಾಕರ್ ಎಂಜಿನಿಯರ್. ಮೀನು ಹೇಗೆ ತಿನ್ನುತ್ತದೆ, ದಾರ ಎಳೆದಾಗ ಏನಾಗುತ್ತದೆ ಅಂತ ಲೆಕ್ಕ ಹಾಕಿ ಸಲಕರಣೆ ಮಾಡಿಕೊಂಡವರು. ದಾರ ಅಲುಗಿದರೆ ಸದ್ದು ಮಾಡುವ ವಿದ್ಯುತ್ ಅಲಾರಂ ಕೂಡ ಅವರದೇ ಕೆಲಸ. ನನಗೆ ಅವರ ಮೇಲೆ ಬಹಳ ಗೌರವ.

ಗಾಳ ಕಟ್ಟುವ ವಿಷಯ. ಜಾರುವ ಬೆಂಡು ಹಾಕಿ, ಮೇಲೆ ದಾರದ ಒಂದು ಗಂಟು ತಡೆಯಾಗಿ ಇರಲಿ. ಹತ್ತು ಹನ್ನೆರಡು ಅಡಿ ನೀರಿದ್ದರೆ ಮೇವು ಮೂರರಿಂದ ಐದು ಅಡಿಯಲ್ಲಿ ತೂಗಬೇಕು. ಬೆಂಡಿನ ಕೆಳಗೆ ಸ್ಪ್ರಿಂಗ್, ಅಂದರೆ ಮೇವು ಒತ್ತಿ ಹಿಡಿಸುವ ತಂತಿ ಸುರುಳಿ, ಅದಕ್ಕೆ ಎರಡು ಮೂರು ಇಂಚಿನ ಮೆತ್ತನೆ ದಾರದಲ್ಲಿ ಸಣ್ಣ ಗಾಳಗಳು. ಸ್ಪ್ರಿಂಗ್ ಸುತ್ತ ನಿಂಬೆಹಣ್ಣಿನ ಗಾತ್ರಕ್ಕೆ ಮೇವು ಒತ್ತಿ, ಗಾಳದ ಮೊನೆಗಳನ್ನು ಮೇಲ್ಮೈಗೆ ಹಗುರವಾಗಿ ಸಿಕ್ಕಿಸಿ. ಮೇವು ಕರಗಿದಾಗ ಗಾಳ ಬಿಡಿಸಿಕೊಂಡು ಚೂರುಗಳ ನಡುವೆ ತೇಲುತ್ತದೆ, ಹೀರಿದಾಗ ಒಳಗೆ ಹೋಗುತ್ತದೆ. ಅಂಗಡಿಯಲ್ಲಿ ಆರು ಗಾಳದ ಸ್ಪ್ರಿಂಗ್ ಸಿಗುತ್ತದೆ. ಅದು ಬೇಡ. ಬಾಯಿ ಬಿಟ್ಟು ಮೈಗೆಲ್ಲ ಚುಚ್ಚಿಕೊಳ್ಳುತ್ತದೆ. ಎರಡು ಸಾಕು. ತಂಗೂಸು 0.35 ಮಿ.ಮೀ. ಇದ್ದರೆ ದೊಡ್ಡದಕ್ಕೂ ತಡೆಯುತ್ತದೆ, ಜೊಂಡು ಜಾಸ್ತಿ ಇದ್ದರೆ ಇನ್ನೂ ದಪ್ಪ ಬೇಕು.

ಕಾಟ್ಲಾ ಬಂದರೆ ಬೆಂಡು ಮುಳುಗುವ ಮೊದಲು ನಡುಗುತ್ತದೆ. ಸುಮ್ಮನಾಗುತ್ತದೆ. ಮತ್ತೆ ನಡುಗುತ್ತದೆ. ಮೀನು ಉಂಡೆಯ ಸುತ್ತ ನೀರು ಹೀರುತ್ತಾ ಉಗಿಯುತ್ತಾ ಇರುತ್ತದೆ, ಕೆಲವು ಸಲ ಅದರ ಮೈ ದಾರಕ್ಕೆ ತಾಗುತ್ತದೆ. ಆಗ ಎಳೆಯಲೇಬೇಡಿ. ಬೆಂಡು ಒಂದು ದಿಕ್ಕಿಗೆ ಜಾರತೊಡಗಿದಾಗ ಅಥವಾ ಮೇಲೆದ್ದು ಅಡ್ಡ ಮಲಗಿದಾಗ ರಾಡ್ ಎತ್ತಿ, ಜರ್ಕ್ ಬೇಡ. ರೀಲಿನ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಬಿಡುವ ಬಿಗಿ, ಮೊದಲೇ ಸಡಿಲ ಮಾಡಿಟ್ಟಿರಿ. ಮೊದಲ ಓಟ ಉದ್ದವಾಗಿರುತ್ತದೆ, ಓಡಲು ಬಿಡಿ. ಕಾಟ್ಲಾದ ತುಟಿ ಮೆತ್ತಗಿದೆ, ಬಲವಂತ ಮಾಡಿದರೆ ಹರಿದು ಹೋಗುತ್ತದೆ. ಸುಸ್ತಾಗಿ ಪಕ್ಕಕ್ಕೆ ವಾಲಿದಾಗ ಕೈಬಲೆಯನ್ನು ಮೊದಲೇ ನೀರಲ್ಲಿ ಇಳಿಸಿಟ್ಟು, ಮೀನನ್ನು ಅದರ ಮೇಲಕ್ಕೆ ತನ್ನಿ. ದಾರ ಹಿಡಿದು ಎತ್ತಬೇಡಿ.

ಬಿಡಬೇಕಾ, ತಿನ್ನಬೇಕಾ ಅನ್ನುವುದು ನಿಮಗೆ ಬಿಟ್ಟಿದ್ದು. ಕೆರೆಯಲ್ಲಿ ಅದು ಮರಿ ಮಾಡುವುದಿಲ್ಲ, ಹಾಗಾಗಿ ಸಂತತಿಯ ಪ್ರಶ್ನೆ ಇಲ್ಲ. ಆದರೂ ಅಷ್ಟು ಬೇಸಿಗೆ ದಾಟಿದ್ದನ್ನು ಕೊಲ್ಲಲು ನನಗೆ ಮನಸ್ಸಾಗುವುದಿಲ್ಲ. ಬಾಲ ಹರಿದದ್ದನ್ನೂ ಬಿಟ್ಟೆ. ಬಿಡುವುದಾದರೆ ಕೈ ಒದ್ದೆ ಮಾಡಿಕೊಂಡು ಮುಟ್ಟಿ, ನೀರಲ್ಲಿ ನೆಟ್ಟಗೆ ಹಿಡಿದುಕೊಂಡು ತಾನಾಗಿ ಒದೆಯುವವರೆಗೆ ಕಾಯಿರಿ.

ಇಷ್ಟೆಲ್ಲದಕ್ಕೂ ಮೊದಲು ಕೆರೆಯ ಗುತ್ತಿಗೆ ಯಾರದು ಅಂತ ವಿಚಾರಿಸಿ. ಮೀನುಗಾರರ ಸಹಕಾರ ಸಂಘದ್ದಾದರೆ ಆ ಮೀನು ಅವರ ದುಡಿಮೆ, ಕೇಳಿ ಒಪ್ಪಿಗೆ ತೆಗೆದುಕೊಂಡೇ ಗಾಳ ಹಾಕಬೇಕು ಅಲ್ವಾ. ಅವರ ಹತ್ತಿರ ಮಾತಾಡಿದರೆ ಮರಿ ಯಾವಾಗ ಬಿಟ್ಟರು, ಬಲೆ ಎಲ್ಲಿ ಎಳೆಯುತ್ತಾರೆ ಅಂತಲೂ ತಿಳಿಯುತ್ತದೆ. ನಿಮ್ಮ ಕೆರೆ ಬೇಸಿಗೆಯಲ್ಲಿ ಎಷ್ಟು ಆಳ ಉಳಿಯುತ್ತದೆ, ಆ ಮೀನು ಹೊರಳುವುದು ತೂಬಿನಿಂದ ಎಷ್ಟು ದೂರ ಅಂತ ಕೆಳಗೆ ಬರೆಯಿರಿ. ಮೇವು ಎಲ್ಲಿ ಶುರು ಮಾಡಬಹುದು ಅಂತ ಹೇಳುತ್ತೇನೆ.