ತಗ್ಗಿನ ಸ್ಪೋರ್ಟ್ಸ್ ಕಾರಿಗೆ ಜಾಕ್ ಎಲ್ಲಿ ಕೊಡಬೇಕು?

ಪ್ರಶ್ನೆ: ಇಂಗ್ಲೆಂಡಿನಲ್ಲಿದ್ದೇನೆ, ನನ್ನದು 2001ರ ಮಜ್ಡಾ ಎಂಎಕ್ಸ್-5. ಹಿಂದಿನ ಮಾಲೀಕರು ಗಿಡ್ಡ ಸ್ಪ್ರಿಂಗ್ ಹಾಕಿಸಿದ್ದರಿಂದ ಟ್ರಾಲಿ ಜಾಕ್ (ಗಾಲಿಗಳ ಮೇಲೆ ಉರುಳುವ ಜಾಕ್) ಅಡಿಗೆ ಹೋಗುವುದೇ ಇಲ್ಲ. ಕಾರಿನ ಜೊತೆ ಬಂದ ಜಾಕ್ ಕೊಟ್ಟಾಗ ಬಾಗಿಲ ಕೆಳಗಿನ ತಗಡಿನ ಅಂಚು ಮಡಚಿಕೊಂಡಿತು. ನಾಲ್ಕೂ ಚಕ್ರ ಬಿಚ್ಚಿ ಬಣ್ಣಕ್ಕೆ ಕೊಡಬೇಕಿದೆ. ಹೇಗೆ ಎತ್ತಲಿ?

ಉತ್ತರ: ಮೊದಲು ಆ ಮಡಚಿದ ಅಂಚನ್ನೇ ನೋಡಿ. ಅಂಚಿನಲ್ಲಿ ಪ್ರತಿ ಚಕ್ರದ ಬಳಿ ಎರಡು ಸಣ್ಣ ಕಚ್ಚುಗಳಿರುತ್ತವೆ. ಭಾರ ಹೊರುವುದು ಅವುಗಳ ನಡುವಿನ ಜಾಗ ಮಾತ್ರ. ಜಾಕ್ ಅಲ್ಲೇ ಇದ್ದೂ ಮಡಚಿದ್ದರೆ ತುಕ್ಕನ್ನು ಶಂಕಿಸಿ. ಈ ಕಾರಿನಲ್ಲಿ ಹಿಂದಿನ ಚಕ್ರದ ಮುಂದಿರುವ ಸಿಲ್ (ಬಾಗಿಲ ಕೆಳಗಿನ ಪೊಳ್ಳು ತಗಡಿನ ಪಟ್ಟಿ) ಒಳಗಿನಿಂದ ಕೊಳೆಯುವುದು ಹಳೆಯ ಕಾಯಿಲೆ. ಬಟ್ಟೆಯ ಚಾವಣಿಯ ನೀರು ಹೋಗುವ ಕೊಳವೆಗೆ ಎಲೆಕಸ ಕಟ್ಟಿಕೊಂಡರೆ ನೀರು ಅಲ್ಲೇ ನಿಲ್ಲುತ್ತದೆ. ಚಳಿಗಾಲದ ರಸ್ತೆ ಉಪ್ಪು ಹೊರಗಿನಿಂದ ಉಳಿದ ಕೆಲಸ ಮುಗಿಸುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ತಗಡು ಪೊಳ್ಳಾಗಿ ಒಳಕ್ಕೆ ತಗ್ಗಿದರೆ, ವೆಲ್ಡಿಂಗ್ ಆಗುವವರೆಗೆ ಅಲ್ಲಿ ಸ್ಟ್ಯಾಂಡ್ (ಎತ್ತಿದ ಕಾರನ್ನು ಹೊರುವ ಲೋಹದ ಆಸರೆ) ಕೂಡ ಇಡಬೇಡಿ.

ಸಾಮಾನ್ಯ ಟ್ರಾಲಿ ಜಾಕಿನ ತಲೆ ಪೂರ್ತಿ ಇಳಿಸಿದರೂ ನೆಲದಿಂದ ಸುಮಾರು 130 ಮಿ.ಮೀ. ಇರುತ್ತದೆ. 75ರಿಂದ 85 ಮಿ.ಮೀ.ಗೆ ಇಳಿಯುವ ಲೋ ಪ್ರೊಫೈಲ್ ಜಾಕ್ ಕೊಳ್ಳಿ. ಕಾರಿನ ತೂಕ ಒಂದು ಟನ್ನಿನ ಆಸುಪಾಸು, 2 ಟನ್ನಿನದು ಧಾರಾಳ. ಅದರ ಜೊತೆಗೆ 40 ಮಿ.ಮೀ. ದಪ್ಪದ ಅಗಲವಾದ ಹಲಗೆಗಳ ಮೇಲೆ ಚಕ್ರಗಳನ್ನು ಹತ್ತಿಸಿ ನಿಲ್ಲಿಸಿ. ಇಷ್ಟು ಎತ್ತರ ಸಿಗದಿದ್ದರೆ ಜಾಕಿನ ಹಿಡಿ ಬಂಪರಿಗೆ ತಾಗಿ ಪಂಪ್ ಮಾಡಲು ಜಾಗವೇ ಉಳಿಯುವುದಿಲ್ಲ.

ಜಾಕಿಗೂ ಸ್ಟ್ಯಾಂಡಿಗೂ ಒಂದೇ ಜಾಗ ಬೇಕಾಗುವುದು ಅನೇಕ ಕಾರುಗಳ ತೊಡಕು. ನಿಮ್ಮದರಲ್ಲಿ ಆ ಗೋಳಿಲ್ಲ. ಜಾಕ್ ನಡುವಿನಲ್ಲಿ: ಮುಂದೆ ಕ್ರಾಸ್‌ಮೆಂಬರಿನ (ಕಾರಿನಡಿ ಅಡ್ಡಲಾಗಿರುವ ಉಕ್ಕಿನ ತೊಲೆ) ಮಧ್ಯಕ್ಕೆ, ಹಿಂದೆ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳ ನಡುವಿನ ಗೇರ್ ಪೆಟ್ಟಿಗೆ) ಕವಚಕ್ಕೆ, ಎರಡೂ ಕಡೆ ರಬ್ಬರ್ ಪ್ಯಾಡ್ ಇಟ್ಟು. ಸ್ಟ್ಯಾಂಡ್ ಬದಿಯಲ್ಲಿ: ಕಚ್ಚುಗಳ ನಡುವೆ, ಅಂಚು ಕೂರುವಂತೆ ಸೀಳಿರುವ ರಬ್ಬರ್ ಇಟ್ಟು. ಎಂಜಿನ್ ಆಯಿಲ್ ಸಂಪು (ಎಂಜಿನ್ ತಳದ ಎಣ್ಣೆ ತೊಟ್ಟಿ) ಕ್ರಾಸ್‌ಮೆಂಬರಿಗೆ ತೀರಾ ಹತ್ತಿರವಿದೆ. ಟಾರ್ಚ್ ಬಿಟ್ಟು ನೋಡದೆ ಜಾಕ್ ಏರಿಸಬೇಡಿ.

ನೆಲ ಸಮತಟ್ಟಾದ ಕಾಂಕ್ರೀಟ್ ಆಗಿರಲಿ. ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲಿ ಸ್ಟ್ಯಾಂಡಿನ ಕಾಲು ಹೂತುಹೋಗುತ್ತದೆ. ಜಾಕಿನ ಗಾಲಿಗಳು ಸಲೀಸಾಗಿ ಉರುಳಬೇಕು: ತೋಳು ಏರುವಾಗ ಅದರ ತಲೆ ಕಮಾನಿನಂತೆ ಸರಿಯುತ್ತದೆ, ಗಾಲಿಗೆ ಕಲ್ಲು ಸಿಕ್ಕಿಕೊಂಡರೆ ಜಾಕ್ ಬದಲು ತಲೆಯೇ ಕಾರಿನಡಿ ಜಾರುತ್ತದೆ.

ಚಕ್ರಗಳು ನೆಲದ ಮೇಲಿರುವಾಗಲೇ ಪ್ರತಿ ನಟ್ಟನ್ನೂ ಕಾಲು ಸುತ್ತು ಸಡಿಲಿಸಿ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಅದಕ್ಕೇ ಮೊದಲು ಮುಂಭಾಗ ಎತ್ತಿ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಎರಡೂ ಬದಿ ಅಡೆ ಕೊಟ್ಟು, ಮುಂಭಾಗವನ್ನು ಸ್ಟ್ಯಾಂಡಿನ ಕೆಳಗಿನ ಹಂತದಲ್ಲಿ ಕೂರಿಸಿ. ನಂತರ ಹಿಂಭಾಗ, ಅಷ್ಟೇ ಎತ್ತರಕ್ಕೆ, ನಿಧಾನವಾಗಿ. ಹಿಂಭಾಗ ಏರುವಾಗ ಮುಂದಿನ ಸ್ಟ್ಯಾಂಡುಗಳು ತುಸು ವಾಲುತ್ತವೆ. ಕಾಲೊಂದು ನೆಲ ಬಿಡುತ್ತಿದ್ದರೆ ಇಳಿಸಿ ಸರಿಪಡಿಸಿ. ನಾಲ್ಕೂ ಕೂತ ಮೇಲೆ ಸೊಂಟ ಆನಿಸಿ ಬದಿಯಿಂದ ಅಲುಗಾಡಿಸಿ ನೋಡಿ. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ. ಬರೀ ಜಾಕಿನ ಮೇಲೆ ಬಿಡಬೇಡಿ, ಸೀಲ್ ಸೋರಿದರೆ ಅದು ತಾನಾಗಿ ಇಳಿಯುತ್ತದೆ. ಸಿಮೆಂಟ್ ಬ್ಲಾಕ್, ಇಟ್ಟಿಗೆ ಬೇಡವೇ ಬೇಡ. ಅವು ಮುನ್ಸೂಚನೆಯಿಲ್ಲದೆ ಒಡೆಯುತ್ತವೆ.

ರಸ್ತೆಗೆ ಉಪ್ಪು ಹಾಕುವ ಊರಿನಲ್ಲಿ ಅಲಾಯ್ ಚಕ್ರ ಹಬ್ಬಿಗೆ (ಚಕ್ರ ಕೂರುವ, ಅದರೊಡನೆ ತಿರುಗುವ ಭಾಗಕ್ಕೆ) ಕಚ್ಚಿಕೊಂಡಿರುವುದು ಮಾಮೂಲು. ಸ್ಟ್ಯಾಂಡಿನ ಮೇಲಿರುವ ಕಾರಿನ ಚಕ್ರವನ್ನು ಒದೆಯಬೇಡಿ. ಎತ್ತುವ ಮುಂಚೆ ನಟ್ಟುಗಳನ್ನು ಒಂದು ಸುತ್ತು ಸಡಿಲ ಬಿಟ್ಟು, ಕಾರನ್ನು ಒಂದಡಿ ಹಿಂದೆ ಮುಂದೆ ಸರಿಸಿದರೆ ಬಹುತೇಕ ಬಿಡುತ್ತದೆ.

ಮರಳಿ ಹಾಕುವಾಗ ಹಬ್ಬಿನ ಮುಖವನ್ನು ತಂತಿ ಬ್ರಷ್‌ನಿಂದ ಉಜ್ಜಿ, ನಟ್ಟುಗಳನ್ನು ಎದುರುಬದುರಾಗಿ ಕೈಯಿಂದ ಕೂರಿಸಿ. ಕೊನೆಯ ಬಿಗಿತ ಕಾರು ನೆಲಕ್ಕಿಳಿದ ಮೇಲೆ, ಟಾರ್ಕ್ ರೆಂಚಿನಿಂದ (ಬಿಗಿತ ಅಳೆಯುವ ಸ್ಪ್ಯಾನರ್): ನಿಮ್ಮ ಮಾದರಿಗೆ 88–118 ನ್ಯೂಟನ್ ಮೀಟರ್, 110 ಇಟ್ಟುಕೊಳ್ಳಿ. ಥ್ರೆಡ್ಡಿಗೆ ಎಣ್ಣೆ ಸವರಬೇಡಿ, ಅದೇ ಟಾರ್ಕಿಗೆ ಬೋಲ್ಟ್ ಅತಿಯಾಗಿ ಎಳೆದುಕೊಳ್ಳುತ್ತದೆ. ಹೊಸ ಬಣ್ಣ ನಟ್ ಕೂರುವ ಕುಳಿಯಲ್ಲಿದ್ದರೆ ಅದು ನಲುಗಿ ನಟ್ ಸಡಿಲವಾಗುತ್ತದೆ. ಆ ಕುಳಿಗಳನ್ನು ಮುಚ್ಚಿ ಬಣ್ಣ ಹೊಡೆಯಲು ಅಂಗಡಿಯವರಿಗೆ ಮೊದಲೇ ಹೇಳಿ, ಸುಮಾರು 80 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಟಾರ್ಕ್ ನೋಡಿ.