ಹೆಬ್ಬಲಸು ಹಲಸಿನ ಹತ್ತಿರದ ನೆಂಟ ಅಲ್ವಾ? ಮತ್ತೆ ಹಣ್ಣು ಯಾಕಷ್ಟು ಚಿಕ್ಕದು, ಅದೂ ಕೊಂಬೆಯ ತುದಿಯಲ್ಲಿ?

ಹೂ ಬಿಡುವ ಜಾಗದಲ್ಲೇ ಇದರ ಗುಟ್ಟು ಇದೆ. ಹಲಸಿನಲ್ಲಿ ಹೆಣ್ಣು ಹೂಗೊಂಚಲು ಬೊಡ್ಡೆ ಮತ್ತು ದಪ್ಪ ಕೊಂಬೆಗಳ ಮೇಲೆ ಮೂಡುತ್ತದೆ. ಅಲ್ಲಿ 30 ಕಿಲೋ ಕಾಯಿ ತೂಗಿದರೂ ಮರಕ್ಕೆ ಭಾರವಲ್ಲ. ಹೆಬ್ಬಲಸಿನಲ್ಲಿ ಅದು ಎಲೆಗಳ ಬುಡದಲ್ಲಿ, ಎಳೆಯ ರೆಂಬೆಗಳ ತುದಿಗೆ ಬರುತ್ತದೆ. ಸಣ್ಣ ರೆಂಬೆ ಎಷ್ಟು ತಾನೇ ಹೊತ್ತೀತು? ಹಾಗಾಗಿ ಹಣ್ಣು ಮುಷ್ಟಿಯಷ್ಟು, ಹೆಚ್ಚೆಂದರೆ ದೊಡ್ಡ ಕಿತ್ತಳೆಯಷ್ಟು.

ಒಳಗಿನ ರಚನೆ ಮಾತ್ರ ಎರಡರಲ್ಲೂ ಒಂದೇ. ನಾವು ಒಂದು ಹಣ್ಣು ಅನ್ನುವುದು ನಿಜಕ್ಕೂ ಒತ್ತೊತ್ತಾಗಿ ಕೂಡಿಕೊಂಡ ಎಷ್ಟೋ ಪುಟ್ಟ ಹೂಗಳು. ಪರಾಗ ತಾಗಿದ ಒಂದೊಂದು ಹೂವೂ ಒಂದೊಂದು ತೊಳೆಯಾಗುತ್ತದೆ. ಹೆಬ್ಬಲಸಿನ ಮುಳ್ಳು ಹಲಸಿನಷ್ಟು ಗಡುಸಲ್ಲ. ಚೆನ್ನಾಗಿ ಕಳಿತ ಹಣ್ಣನ್ನು ಕತ್ತಿಯಿಲ್ಲದೆ ಕೈಯಲ್ಲೇ ಬಿಡಿಸಬಹುದು. ಬೆರಳಿಗೆ ಸ್ವಲ್ಪ ಮೇಣ ಅಂಟುತ್ತದೆ, ಅಷ್ಟೇ. ಒಳಗೆ ಕಿತ್ತಳೆ ಬಣ್ಣದ ಪುಟ್ಟ ತೊಳೆಗಳು, ಸಿಹಿಯ ಜೊತೆ ಒಂಚೂರು ಹುಳಿ. ನನ್ನ ಮಟ್ಟಿಗೆ ರುಚಿಯಲ್ಲಿ ಇದು ಹಲಸಿಗಿಂತ ಒಂದು ಕೈ ಮೇಲು. ಬೀಜವನ್ನೂ ಹುರಿದು ತಿನ್ನುತ್ತಾರೆ.

ಪಶ್ಚಿಮ ಘಟ್ಟದ ಈ ಮರ 35 ಮೀಟರ್‌ಗೂ ಎತ್ತರ ಬೆಳೆಯುತ್ತದೆ. ಹಣ್ಣು ತುದಿಯಲ್ಲಿರುವುದರಿಂದ ಮಂಗ, ಬಾವಲಿ, ಅಳಿಲುಗಳಿಗೆ ಮೊದಲ ಪಾಲು. ಬೀಜ ದೂರ ಹೋಗುವುದೂ ಅವುಗಳಿಂದಲೇ. ನೀವೇ ಗಿಡ ಮಾಡುವುದಾದರೆ ಬೀಜ ಒಣಗಿಸಿ ಇಡಬೇಡಿ. ಒಣಗಿದರೆ ಮೊಳೆಯುವುದಿಲ್ಲ, ಹಣ್ಣು ತಿಂದ ಕೂಡಲೇ ಮಣ್ಣಿಗೆ ಹಾಕಿ.