ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದ ಅಭ್ಯರ್ಥಿಗಳನ್ನು ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ವಿಚಾರದಲ್ಲಿ ಹೋಲಿಸಿ ನೋಡುವುದು ಹೇಗೆ?

ಕರಪತ್ರದಲ್ಲಿ "ಟಿಇಟಿಯಿಂದ ವಿನಾಯಿತಿ ಕೊಡಿಸುತ್ತೇವೆ" ಎಂಬ ಸಾಲಿದ್ದರೆ, ಯಾರಿಂದ ಕೊಡಿಸುತ್ತೀರಿ ಎಂದು ಮೊದಲು ಕೇಳಿ. 1ರಿಂದ 8ನೇ ತರಗತಿಯ ಶಿಕ್ಷಕರ ಕನಿಷ್ಠ ಅರ್ಹತೆ ತೀರ್ಮಾನವಾಗುವುದು ಕೇಂದ್ರದ ಶಿಕ್ಷಣ ಹಕ್ಕು ಕಾಯ್ದೆ ಮತ್ತು ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) ನಿಯಮಗಳಲ್ಲಿ. ವಿಧಾನ ಪರಿಷತ್ ಸದಸ್ಯರು ಅದನ್ನು ಬದಲಿಸಲಾರರು. ಅದರ ಮೇಲೆ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಇರುವವರು ಎರಡು ವರ್ಷದಲ್ಲಿ ಟಿಇಟಿ ಪಾಸಾಗಬೇಕೆಂದು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ಹೇಳಿತು. ಹಾಗಾಗಿ "ಕಾಯ್ದೆ ತಿದ್ದುಪಡಿಗೆ ಕೇಂದ್ರದ ಮೇಲೆ ಒತ್ತಡ ತರುತ್ತೇನೆ, ಅಲ್ಲಿಯವರೆಗೆ ಇಲಾಖೆಯಿಂದಲೇ ಪರೀಕ್ಷಾ ತರಬೇತಿ ಕೊಡಿಸುತ್ತೇನೆ" ಎನ್ನುವವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ನೋವಿನ ಸಂಗತಿ ಏನೆಂದರೆ, ಟಿಇಟಿ ಬಿಸಿ ಹೆಚ್ಚು ತಟ್ಟಿರುವ ಪ್ರಾಥಮಿಕ ಶಾಲೆಯ ಮೇಷ್ಟ್ರು, ಟೀಚರ್‌ಗಳಿಗೆ ಈ ಕ್ಷೇತ್ರದಲ್ಲಿ ಮತವೇ ಇಲ್ಲ. ಪ್ರೌಢಶಾಲೆ ಅಥವಾ ಅದಕ್ಕಿಂತ ಮೇಲಿನ ಸಂಸ್ಥೆಯಲ್ಲಿ, ಕಳೆದ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷ ಪಾಠ ಮಾಡಿದವರಿಗೆ ಮಾತ್ರ ಉಂಟು. ಪ್ರಾಥಮಿಕ ಶಾಲೆಯವರ ಪರವಾಗಿಯೂ ಮತವಿರುವ ನೀವೇ ಕೇಳಬೇಕು.

ಹಳೇ ಪಿಂಚಣಿ, ಅತಿಥಿ ಶಿಕ್ಷಕರ ಗೌರವಧನದ ಬಗ್ಗೆ ಎಲ್ಲರದೂ ಒಂದೇ ರಾಗ. ಅಲ್ಲಿ ಭರವಸೆ ಬಿಟ್ಟು, ಹಾಲಿ ಸದಸ್ಯರು ಪರಿಷತ್ತಿನಲ್ಲಿ ಕೇಳಿದ ಪ್ರಶ್ನೆಗಳನ್ನು ತೆಗೆದು ಓದಿ.